ಗೂಳಿ ಏರಿನ ಜೀಪು

"ಮಾವ, ಎಂಥಾ ಏರು ಹತ್ತಿಸಿದರೂ ಮುರಿಯದ ಹಾಗೆ ಒಂದು ಜೀಪು ಕಟ್ಟಬೇಕಾದರೆ ಏನು ಮಾಡಬೇಕು?" ಎಂದು ರಾಚಪ್ಪ ಕೇಳಿದ.

ಗುರುಮಲ್ಲು ಮೇಸ್ತ್ರಿ ಕೈಯ ಗ್ರೀಸನ್ನು ಹಳೆ ಬಟ್ಟೆಗೆ ಒರೆಸಿಕೊಂಡರು. ಬೆಟ್ಟದ ಬುಡದಲ್ಲಿ ಒಂದು ಹುಣಸೆಮರದ ನೆರಳನ್ನೇ ಸೂರು ಮಾಡಿಕೊಂಡ ಗ್ಯಾರೇಜು ಅವರದು. ರಾಚಪ್ಪ ಅವರ ಅಕ್ಕನ ಮಗ. ಕೆಲಸ ಕಲಿತದ್ದು ಅವರ ಕೈಕೆಳಗೇ. ಈಗ ಸ್ವಂತಕ್ಕೊಂದು ಹಳೆಯ ಫೋರ್‌ವೀಲ್ ಡ್ರೈವ್ ಜೀಪು ಕೊಂಡು, ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಇರುವ ದೊಡ್ಡಿಗಳಿಗೆ, ಅಂದರೆ ಹತ್ತಾರು ಮನೆಗಳ ಪುಟ್ಟ ಊರುಗಳಿಗೆ, ಜನರನ್ನೂ ಸಾಮಾನನ್ನೂ ಸಾಗಿಸುತ್ತಿದ್ದ. ಆವತ್ತು ಜೀಪು ನಡುದಾರಿಯಲ್ಲಿ ಮುರಿದು ನಿಂತಿತ್ತು. ಇಳಿದು ನಡೆದವರು ನಡೆಯುತ್ತಾ ಏನೇನು ಅಂದರು ಎಂಬುದನ್ನು ಅವನು ಮಾವನಿಗೆ ಹೇಳಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮೇಸ್ತ್ರಿಗೆ ಒಂದು ಅಭ್ಯಾಸ. ಯಾರು ಏನೇ ಕೇಳಲಿ, ಉತ್ತರಕ್ಕೆ ಮೊದಲು ತಮ್ಮನ್ನು ತಾವೇ ಸ್ವಲ್ಪ ಹೊಗಳಿಕೊಳ್ಳಬೇಕು. ಸರಿಯಾದ ಬಾಗಿಲಿಗೇ ಬಂದೆ ಅಳಿಯ, ಎಂದರು. ತಾವು ಬಾನೆಟ್ ಎತ್ತಿದರೆ ಸಾಕು, ಇಂಜಿನ್ನು ತನ್ನ ಕಾಯಿಲೆಯನ್ನು ತಾನೇ ಬಾಯಿಬಿಟ್ಟು ಹೇಳುತ್ತದೆ ಎಂದರು. ಒಮ್ಮೆ ತಾವು ಜೋರಾಗಿ ಕೆಮ್ಮಿದ್ದಕ್ಕೆ ಪಕ್ಕದ ಬೀದಿಯಲ್ಲಿ ನಿಂತಿದ್ದ ಲಾರಿ ಸ್ಟಾರ್ಟ್ ಆಗಿ, ಅದರ ಡ್ರೈವರು ಹೋಟೆಲಿನಿಂದ ಎಂಜಲು ಕೈಯಲ್ಲೇ ಓಡಿ ಬಂದನಂತೆ. ರಾಚಪ್ಪ ಈ ಕೆಮ್ಮನ್ನು ಹಿಂದೆಯೂ ಕೇಳಿದ್ದ. ಹಿಂದಿನ ಸಲ ಅದು ಬರೀ ಸ್ಕೂಟರು.

"ಆದರೆ ನೀನು ಕೇಳಿದಂಥ ಗಾಡಿ ನಾನು ಕಟ್ಟಿಲ್ಲ," ಎಂದರು ಮೇಸ್ತ್ರಿ. "ಕಟ್ಟಿದವನು ಒಬ್ಬನಿದ್ದ. ಆಚೆ ಬೆಟ್ಟದವನು. ಕೂತ್ಕೋ."

ರಾಚಪ್ಪ ಒಂದು ಸವೆದ ಟಯರಿನ ಮೇಲೆ ಕೂತ. ಮೇಸ್ತ್ರಿ ಕತೆ ಹೇಳಿದರು.

ಒಬ್ಬ ಜೀಪಿನವನಿದ್ದ. ಅವನಿಗೊಬ್ಬ ತಮ್ಮ. ಇಬ್ಬರಿಗೂ ಸೇರಿ ಒಂದು ಜೀಪು. ಅದು ಎಷ್ಟು ಹಳೆಯದೆಂದರೆ, ಬೆಟ್ಟ ಮೊದಲೋ ಜೀಪು ಮೊದಲೋ ಎಂದು ದೊಡ್ಡಿಯ ಮುದುಕರು ಜಗಲಿಯಲ್ಲಿ ವಾದ ಹೂಡುತ್ತಿದ್ದರು. ಬೆಟ್ಟದ ತುದಿಯಲ್ಲಿ ಬ್ರೇಕು ಒತ್ತಿದರೆ ಬುಡಕ್ಕೆ ಬರುವಾಗ ಹಿಡಿಯುತ್ತಿತ್ತು. ಎದುರಿಗೆ ಸಿಕ್ಕ ಮೇಕೆಗಳು ಹೆದರಿಕೊಂಡು ಅಲ್ಲ, ಪಾಪ ಎಂದು ದಾರಿ ಬಿಡುತ್ತಿದ್ದವು.

ದಾರಿಯಲ್ಲಿ ಒಂದು ಕಡಿದಾದ ಏರು. ಗೂಳಿ ಏರು ಎಂದು ಅದರ ಹೆಸರು. ಬರೀ ಬಂಡೆ, ಉರುಳುಗಲ್ಲು, ನೀರು ಕೊರೆದ ಹಳ್ಳ. ಅಣ್ಣ ಸ್ಟಿಯರಿಂಗ್ ಹಿಡಿದರೆ ತಮ್ಮ ಕೈಯಲ್ಲೊಂದು ಕಲ್ಲು ಹಿಡಿದು ಜೀಪಿನ ಹಿಂದೆ ನಡೆಯುತ್ತಿದ್ದ. ಜೀಪು ಎಲ್ಲಿ ನಿಂತಿತೋ ಅಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ಅವನ ಕೆಲಸ. ಬ್ರೇಕನ್ನು ನಂಬಿ ಆ ಏರಿನಲ್ಲಿ ನಿಲ್ಲುವ ಹಾಗಿರಲಿಲ್ಲ. ತಮ್ಮನನ್ನು ನಂಬಿ ನಿಲ್ಲುತ್ತಿದ್ದರು.

ನಿಲ್ಲುವುದಂತೂ ಇದ್ದದ್ದೇ. ಇಂಜಿನ್ನಿನ ಬಲವನ್ನು ಚಕ್ರಗಳಿಗೆ ಒಯ್ಯುವ ಉದ್ದನೆಯ ಕಂಬಿ ಇದೆಯಲ್ಲ, ಅದರ ತುದಿಯಲ್ಲಿ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದೊಂದು ಕಬ್ಬಿಣದ ಕೂಡುಗಟ್ಟು. ಗ್ಯಾರೇಜಿನವರ ಬಾಯಲ್ಲಿ ಅದು ಕ್ರಾಸು. ಭಾರ ಹೆಚ್ಚಾದರೆ, ಚಕ್ರ ಕಲ್ಲಿಗೆ ಸಿಕ್ಕಿಕೊಂಡರೆ, ಆ ಕ್ರಾಸು ಟಣ್ಣೆಂದು ತುಂಡಾಗುತ್ತಿತ್ತು. ಸದ್ದು ಕೇಳಿದ ಕೂಡಲೇ ದೊಡ್ಡಿಯ ಜನ, "ಗಾಡಿ ಸಾಕು ಅಂತು," ಎಂದು ಇಳಿಯುತ್ತಿದ್ದರು. ಹೆಂಗಸರು ಬೈಯುತ್ತಾ ಸೆರಗು ಬಿಗಿದು ಚೀಲ ಹೊರುತ್ತಿದ್ದರು. ಮಿಕ್ಕ ದಾರಿ ನಡಿಗೆ. ತಮ್ಮ ಜೀಪಿನಡಿ ಮಲಗಿ, ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಸದ್ದು ಕೇಳಿಸಿಕೊಂಡು, ಜೇಬಿನಿಂದ ಇನ್ನೊಂದು ಕ್ರಾಸು ತೆಗೆದು ಕೂರಿಸುತ್ತಿದ್ದ. ಅಡಿಯಿಂದಲೇ ಅಣ್ಣನನ್ನು ರೇಗಿಸುತ್ತಿದ್ದ. ಹರಕೆ ಹೊತ್ತವರನ್ನು ದೇವರು ವರ್ಷಕ್ಕೊಂದು ಸಲ ಬೆಟ್ಟ ನಡೆಸುತ್ತಾನೆ, ನಮ್ಮ ಜೀಪು ಹರಕೆ ಇಲ್ಲದವರನ್ನೂ ವಾರಕ್ಕೊಂದು ಸಲ ನಡೆಸುತ್ತೆ ಎನ್ನುತ್ತಿದ್ದ.

ಹೀಗೇ ನಡೆಯುತ್ತಿತ್ತು. ಆಮೇಲೆ ಒಂದು ಮದುವೆ ಬಂತು.

ಮದುವಣಗಿತ್ತಿಯನ್ನು ದೊಡ್ಡಿಗೆ ಕರೆತರುವ ದಿನ ಗೂಳಿ ಏರಿನಲ್ಲಿ ಕ್ರಾಸು ಮುರಿಯಿತು. ದಿಬ್ಬಣ ಇಳಿಯಿತು. ಹೊಸ ಸೀರೆ ಉಟ್ಟ ಹುಡುಗಿಯೂ ಇಳಿದು, ಜೀಪನ್ನು ದಾರಿಯ ಪಕ್ಕಕ್ಕೆ ತಳ್ಳುವವರ ಜೊತೆ ಒಂದು ಕೈ ಹಾಕಿದಳು. ಹೆಣ್ಣಿನ ಸೋದರಮಾವ ಬಯಲಿನವನು. ಅವನು ಎಲ್ಲರಿಗೂ ಕೇಳುವ ಹಾಗೆ, ನಾವು ಹುಡುಗಿಯನ್ನು ಗಂಡಿಗೆ ಕೊಟ್ಟೆವೋ ಜೀಪು ತಳ್ಳುವುದಕ್ಕೆ ಕೊಟ್ಟೆವೋ ತಿಳಿಯುತ್ತಿಲ್ಲ ಎಂದ. ದಿಬ್ಬಣವೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ತಮ್ಮನಂತೂ ಜೀಪಿನಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಜೀಪಿನವನು ನಗಲಿಲ್ಲ. ಅವತ್ತು ಮದುವೆಯ ಊಟಕ್ಕೂ ಕೂರಲಿಲ್ಲ.

ಮರುದಿನವೇ ಪೇಟೆಗೆ ಹೋದ. ಗುಜರಿಯಲ್ಲಿ ಹುಡುಕಿ ಲಾರಿಯ ಕ್ರಾಸು ತಂದು, ಅದು ಕೂರುವ ಹಾಗೆ ಕಂಬಿಯ ತುದಿಯನ್ನೂ ಬದಲಾಯಿಸಿದ. ಕ್ರಾಸು ಮುರಿಯುವುದು ನಿಂತಿತು. ಚಕ್ರದ ಆಕ್ಸೆಲ್ ಮುರಿಯಿತು. ದಪ್ಪದ ಆಕ್ಸೆಲ್ ಹಾಕಿಸಿದ. ಗೇರ್ ಬಾಕ್ಸಿನ ಗೂಡು ಬಿರುಕು ಬಿಟ್ಟಿತು. ಅದಕ್ಕೆ ಉಕ್ಕಿನ ಪಟ್ಟಿ ಕಟ್ಟಿದ. ಇಡೀ ಜೀಪನ್ನು ಹೊರುವ ಚಾಸಿ ಸೀಳಿತು. ಒಳಗೂ ಹೊರಗೂ ತಗಡು ಕೊಟ್ಟು ಬೆಸುಗೆ ಹಾಕಿಸಿದ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತಿ ಇನ್ನೊಂದು ನಿಂತುಬಿಡುತ್ತದಲ್ಲ, ಅದೂ ಬೇಡವೆಂದು ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಒಳಗಿನ ಗೇರುಗಳನ್ನೇ ಬೆಸೆದ. ದೊಡ್ಡ ಟಯರು ಬಂತು. ಅದಕ್ಕಾಗಿ ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿ ಬಂತು. ಜೀಪು ಒಂದು ಮೊಳ ಎತ್ತರವಾಗಿ ನಿಂತಿತು. ಮುದುಕಿಯರು ಹತ್ತುವುದಕ್ಕೆ ಒಂದು ಮಣೆ ಇಡಬೇಕಾಯಿತು.

ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿದೆ ಎಂದು ತಮ್ಮನಿಗೆ ಅನ್ನಿಸಿತು. ಜೀಪಿನಡಿ ಮಲಗಿ ಮಲಗಿ ಅದರ ಮೈ ಅವನಿಗೆ ಗೊತ್ತಿತ್ತು. ಕೊನೆಯ ಬೆಸುಗೆ ಆರುವ ಮೊದಲು ಅವನು ಅಣ್ಣನ ಹತ್ತಿರ ಬಂದು, ಆ ಹಳೆಯ ಚಿಕ್ಕ ಕ್ರಾಸನ್ನು ಕೈಯಲ್ಲಿಟ್ಟುಕೊಂಡು ಕೇಳಿದ.

"ಅಣ್ಣ, ಎಲ್ಲಾ ಗಟ್ಟಿ ಮಾಡಿದೆ. ಸರಿ. ಒಂದು ಕಡೆಯಾದರೂ ಮೆತ್ತಗಿರಲಿ. ಇದನ್ನ ಹಾಕ್ತೀನಿ."

"ನಮ್ಮಲ್ಲಿ ಮೆತ್ತಗಿರೋದಕ್ಕೆ ನೀನೊಬ್ಬ ಸಾಕು ಕಣೋ," ಎಂದ ಅಣ್ಣ.

ತಮ್ಮ ನಕ್ಕು ಕ್ರಾಸನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಆ ಬೆಟ್ಟದಲ್ಲಿ ಟಣ್ ಎಂಬ ಸದ್ದು ಕೇಳಲಿಲ್ಲ. ಜೀಪು ಗೂಳಿ ಏರನ್ನು ಮನೆಯ ಮೆಟ್ಟಿಲ ಹಾಗೆ ಹತ್ತಿತು. ಜೀಪಿನವನೂ ಮಾತು ಕಲಿತ. ತನ್ನ ಹಾರ್ನು ಕೇಳಿದರೆ ಬೆಟ್ಟವೇ ಪಕ್ಕಕ್ಕೆ ಸರಿದು ಕೂರುತ್ತದೆ ಎಂದ. ಇನ್ನೊಂದು ಪಟ್ಟಿ ಏರಿಸಿದರೆ ತೆಂಗಿನಮರ ಹತ್ತಿಸಿ ಕಾಯಿ ಕೀಳಿಸುತ್ತೇನೆ ಎಂದ. ಜನ ನಕ್ಕರು. ಈ ಸಲದ ನಗು ಅವನಿಗೆ ಹಿತವಾಗಿತ್ತು. ಏರಿನಲ್ಲಿ ಇಳಿಯುವುದನ್ನು ಎಲ್ಲರೂ ಮರೆತರು. ಕಲ್ಲು ಹಿಡಿದು ನಡೆಯುವ ತಮ್ಮನೂ ಈಗ ಅಣ್ಣನ ಪಕ್ಕದಲ್ಲೇ ಕೂರತೊಡಗಿದ. ಅಡಿಯಲ್ಲಿ ಮಲಗಿ ಸುತ್ತಿಗೆ ಬಡಿಯುವವರಿಲ್ಲ. ಬಡಿದು ಕೇಳುವಂಥದ್ದು ಏನಿದೆ ಎಂದ ಅಣ್ಣ.

ದೊಡ್ಡಿಯಲ್ಲಿ ನೀರಿನ ತೊಟ್ಟಿ ಕಟ್ಟಿಸುತ್ತಿದ್ದರು. ಸಿಮೆಂಟು ಬೇಕಿತ್ತು. ಜೀಪಿನವನು ಹಿಂದಿನ ಸೀಟು ಕಿತ್ತು ಮೂಟೆಗಳನ್ನು ತುಂಬಿದ. ಬೇರೆ ಜನರಿಲ್ಲ. ಅವನೂ ತಮ್ಮನೂ ಇಬ್ಬರೇ. ಹಿಂದಿನ ದಿನದ ಮಳೆ ಗೂಳಿ ಏರಿನ ಮಣ್ಣನ್ನು ತೊಳೆದು ಬಂಡೆಗಳನ್ನು ಬರಿದು ಮಾಡಿತ್ತು. ಇಳಿದು ಒಮ್ಮೆ ನೋಡೋಣ ಎಂದು ತಮ್ಮ ಅಂದ. ಮಧ್ಯಾಹ್ನದೊಳಗೆ ಎರಡನೇ ಲೋಡು ತರಬೇಕು ಎಂದು ಅಣ್ಣ ಅಂದ.

ಅರ್ಧ ಏರಿದಾಗ ಹಿಂದಿನ ಎರಡೂ ಚಕ್ರ ಬಂಡೆಗಳ ನಡುವಿನ ಕೊರಕಲಿಗೆ ಇಳಿದು ಕಚ್ಚಿಕೊಂಡವು. ಮುಂದಿನ ಚಕ್ರಗಳು ಒದ್ದೆ ಕಲ್ಲಿನ ಮೇಲೆ ಜಾರಿದವು. ಜೀಪು ನಿಂತಿತು. ಹೀಗೆ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಬಾಯಿ ಮರೆತಿರಲಿಲ್ಲ. ಜೀಪಿನವನು ಹಳೆಯ ರೂಢಿಯಲ್ಲಿ, "ಕಲ್ಲು ಕೊಡೋ," ಎಂದ. ತಮ್ಮನ ಕಾಲೂ ಮರೆತಿರಲಿಲ್ಲ. ಅವನು ಧುಮುಕಿ, ಒಂದು ಕಲ್ಲು ಎತ್ತಿಕೊಂಡು ಹಿಂದಕ್ಕೆ ಓಡಿದ.

ಹಿಂದಿನ ದಿನಗಳಾಗಿದ್ದರೆ ಇಷ್ಟು ಹೊತ್ತಿಗೆ ಟಣ್ಣೆನ್ನುತ್ತಿತ್ತು. ಕತೆ ಮುಗಿಯುತ್ತಿತ್ತು. ಇಬ್ಬರೂ ಮೂಟೆ ಇಳಿಸಿ, ಬೈದುಕೊಂಡು, ಬೀಡಿ ಹಚ್ಚುತ್ತಿದ್ದರು.

ಈಗ ಗಾಡಿ ಸಾಕು ಅನ್ನಲಿಲ್ಲ. ಜೀಪಿನವನಿಗೆ ತನ್ನ ಗಾಡಿಯ ಮೇಲೆ ನಂಬಿಕೆ. ಅವನು ಲೋ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದ.

ತಿರುಗಬೇಕಾದ ಚಕ್ರ ತಿರುಗದೆ ಹೋದರೆ ಇಂಜಿನ್ನಿನ ಬಲ ಸುಮ್ಮನೆ ಕೂರುವುದಿಲ್ಲ. ಕ್ರಾಸು ಮುರಿಯಲಿಲ್ಲ. ಆಕ್ಸೆಲ್ ಮುರಿಯಲಿಲ್ಲ. ಚಕ್ರ ಕಚ್ಚಿಕೊಂಡಲ್ಲೇ ಇತ್ತು. ಜೀಪೇ ಚಕ್ರದ ಸುತ್ತ ತಿರುಗಿತು. ಮೂತಿ ಆಕಾಶಕ್ಕೆ ಎದ್ದಿತು. ಎದುರಿಗಿದ್ದ ದಾರಿ ಹೋಗಿ ಬರೀ ಮೋಡ ಕಂಡಾಗ, ಇದೇನು ಹೀಗೆ ಎಂದು ಕೇಳುವಷ್ಟು ಹೊತ್ತು ಅವನಿಗೆ ಸಿಕ್ಕಿತು. ಆಮೇಲೆ ಜೀಪು ಹಿಂದಕ್ಕೆ ಮಗುಚಿಕೊಂಡಿತು, ಮೂಟೆಗಳ ಸಮೇತ.

ಅವನು ಪಕ್ಕದ ಪೊದೆಗೆ ಬಿದ್ದಿದ್ದ. ಮೊಣಕೈ ತರಚಿತ್ತು, ಅಷ್ಟೇ. ಎದ್ದು ತಮ್ಮನನ್ನು ಕೂಗಿದ. ಸಿಮೆಂಟಿನ ಧೂಳು ಇಳಿಯುವ ತನಕ ಏನೂ ಕಾಣಲಿಲ್ಲ.

ದೊಡ್ಡಿಯವರು ಹಗ್ಗ, ಗಳ ಹಿಡಿದು ಇಳಿದು ಬಂದರು. ಜೀಪನ್ನು ಎತ್ತಿ ನಿಲ್ಲಿಸಿ ತಮ್ಮನನ್ನು ಹೊರಗೆ ತೆಗೆದರು. ಒಬ್ಬಳು ತನ್ನ ಸೆರಗಿನಿಂದ ಅವನ ಮುಖದ ಸಿಮೆಂಟನ್ನು ಒರೆಸಿದಳು. ಜೀವ ಹೋಗಿದೆ ಎಂದು ಗೊತ್ತಿದ್ದವರಿಗೂ ಅದು ಆಗ ಮತ್ತೊಮ್ಮೆ ಗೊತ್ತಾಯಿತು.

ಜೀಪಿನವನು ಅಳಲಿಲ್ಲ. ಸುತ್ತಿಗೆ ಹುಡುಕಿಕೊಂಡು ಜೀಪಿನಡಿ ನುಗ್ಗಿ ಅಂಗಾತ ಮಲಗಿದ. ಕ್ರಾಸನ್ನು ಬಡಿದ. ಆಕ್ಸೆಲ್ಲನ್ನು ಬಡಿದ. ಚಾಸಿಯ ಉದ್ದಕ್ಕೂ ಬಡಿಯುತ್ತಾ ಹೋದ. ಎಲ್ಲಾದರೂ ಒಂದು ಬಿರುಕು ಸಿಗಲಿ, ಕೂದಲೆಳೆಯಷ್ಟಾದರೂ ಸಾಕು, ಬೆಸುಗೆಯವನನ್ನು ಬೈಯಬಹುದು, ಗುಜರಿಯವನನ್ನು ಬೈಯಬಹುದು. ಎಲ್ಲಿ ಬಡಿದರೂ ಗಂಟೆಯ ಹಾಗೆ ಒಂದೇ ಸದ್ದು. ಹೊರಗೆ ಜನ ಹೆಣದ ಜೊತೆ ಕಾದು ನಿಂತಿದ್ದರು. ಯಾರೋ ಹಿರಿಯರು ಬಗ್ಗಿ, ಸಾಕು ಬಾರಪ್ಪ, ಹೊತ್ತಾಯಿತು ಎಂದರು. ಅವನು ಇನ್ನೊಂದು ಸಲ ಮೊದಲಿನಿಂದ ಬಡಿದ.

ಕೊನೆಗೆ ಹೊರಗೆ ಬಂದು ಸ್ಟಾರ್ಟ್ ಮಾಡಿದ. ಜೀಪು ಒಮ್ಮೆ ಕರಿಹೊಗೆ ಉಗುಳಿ ಎದ್ದಿತು. ಬೇರೆ ದಾರಿ ಇರಲಿಲ್ಲ, ತಮ್ಮನನ್ನು ಅದರಲ್ಲೇ ಮಲಗಿಸಿದರು. ಕೊರಕಲಿಗೆ ಜನ ಕಲ್ಲು ತುಂಬಿ ಕೊಟ್ಟರು. ಜೀಪು ಏರು ಹತ್ತಿತು. ಒಂದು ಕಡೆಯೂ ತಡೆಯಲಿಲ್ಲ. ಹತ್ತಿ ಎಂದು ಅವನೂ ಯಾರನ್ನೂ ಕರೆಯಲಿಲ್ಲ, ಹತ್ತುತ್ತೇವೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಹಿಂದೆ ನಡೆದೇ ಬಂದರು.

ಇಷ್ಟು ಹೇಳಿ ಮೇಸ್ತ್ರಿ ನಿಲ್ಲಿಸಿದರು.

ರಾಚಪ್ಪ ಕಾದ. ಮಾವ ಕತೆ ಮುಗಿಸಿದ ಮೇಲೆ ತಮ್ಮದೊಂದು ಜಂಬ ಸೇರಿಸುವುದು ವಾಡಿಕೆ. ಈ ಸಲ ಅದು ಬರಲಿಲ್ಲ. ಅವರು ಬಟ್ಟೆಯಿಂದ ಒಂದು ಸ್ಪ್ಯಾನರನ್ನು ಒರೆಸುತ್ತಾ ಕೂತಿದ್ದರು. ಅದು ಆಗಲೇ ಒರೆಸಿದ್ದ ಸ್ಪ್ಯಾನರು. ಅವನಿಗೆ ಆ ಜೀಪಿನವನ ಬಗ್ಗೆ ಕೇಳಬೇಕೆನ್ನಿಸಿತು. ಅವನು ಆಮೇಲೆ ಬದುಕಿದನೇ, ಊರು ಬಿಟ್ಟನೇ, ಮತ್ತೆ ಸ್ಟಿಯರಿಂಗ್ ಹಿಡಿದನೇ. ಅದನ್ನು ಬಿಟ್ಟು ಸುಲಭದ್ದನ್ನು ಕೇಳಿದ.

"ಆ ಗಾಡಿ ಏನಾಯ್ತು ಮಾವ?"

"ಗಾಡಿಗೇನು ರಾಚಪ್ಪ, ಇವತ್ತಿಗೂ ಗಟ್ಟಿಯಾಗೇ ಇದೆ," ಎಂದರು ಮೇಸ್ತ್ರಿ.