ನಡುಹೊಳೆಯಲ್ಲಿ ಹೋಲ್ಡಾನ್

ಹುಲುಗಪ್ಪನಂಥ ಶಿಷ್ಯ ಆ ಆಶ್ರಮಕ್ಕೆ ಹಿಂದೆಂದೂ ಬಂದಿರಲಿಲ್ಲ. ಈ ಮಾತನ್ನು ಊರಿಗೆಲ್ಲ ಹೇಳಿದವನು ಹುಲುಗಪ್ಪನೇ.

ಆಶ್ರಮವೆಂದರೆ ಹೊಳೆದಂಡೆಯ ಮೇಲೊಂದು ಗುಡಿಸಲು, ಒಂದು ಬೇವಿನ ಮರ, ಒಂದು ಹರಿಗೋಲು, ಅದನ್ನು ನಡೆಸುವ ಒಂದು ಹುಟ್ಟು. ಚೆನ್ನವೀರಜ್ಜ ಅಲ್ಲಿನ ಗುರು. ಬಂದವರನ್ನು ಆಚೆ ದಂಡೆಗೆ ದಾಟಿಸುವುದೇ ಅವರ ಪೂಜೆ. ಅದಕ್ಕಿಂತ ಹೆಚ್ಚಿನ ವೇದಾಂತವನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

ಹುಲುಗಪ್ಪ ಇಲ್ಲಿಗೆ ಬರುವ ಮುಂಚೆ ಬಸ್ಸಿನಲ್ಲಿ ಕ್ಲೀನರ್ ಆಗಿದ್ದ. ಅದಕ್ಕೂ ಮುಂಚೆ ಗರಡಿಯಲ್ಲಿದ್ದ. ಅದಕ್ಕೂ ಮುಂಚೆ ಚಹಾದಂಗಡಿಯಲ್ಲಿದ್ದ. ಎಲ್ಲಿ ಹೋದರೂ ಅವನೇ ಗಟ್ಟಿಗ. ಎಲ್ಲಿಯೂ ನಿಂತವನಲ್ಲ.

ಅವನ ಅಕ್ಕ ದುರುಗವ್ವ ಅದನ್ನೇ ಆಡಿಕೊಳ್ಳುತ್ತಿದ್ದಳು. "ನಮ್ಮ ತಮ್ಮಗ ಕಾಲಿಲ್ಲ, ಗಾಲಿ ಅದಾವ."

ಆ ಅಕ್ಕನಿಗೆ ಬಹಳ ವರ್ಷದ ಮೇಲೆ ಒಂದು ಹೆಣ್ಣುಕೂಸು ಹುಟ್ಟಿತು. ಅದಕ್ಕಾಗಿ ಅವಳು ಹೊತ್ತ ಹರಕೆಯೊಂದಿತ್ತು. ನಡುಹೊಳೆಗೆ ಹೋಗಿ ಗಂಗಮ್ಮನಿಗೆ ಉಡಿ ಕೊಡಬೇಕು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಇಟ್ಟು, ಮೇಲೊಂದು ದೀಪ ಹಚ್ಚಿ ನೀರಿಗೆ ಬಿಡಬೇಕು. ಬಿಡುವಷ್ಟು ಹೊತ್ತು ಹರಿಗೋಲು ನಿಂತಿರಬೇಕು.

"ನಾನೇ ಹುಟ್ಟು ಹಾಕ್ತೀನಿ, ಬಾ" ಎಂದು ಹುಲುಗಪ್ಪ ಹೇಳಿಕಳಿಸಿದ್ದ. ಅಮಾವಾಸ್ಯೆಗೆ ಬರುತ್ತೇನೆಂದು ಅವಳೂ ಹೇಳಿಕಳಿಸಿದಳು.

ಅಜ್ಜರು ಅವನ ಕೈಗೆ ಇನ್ನೂ ಹುಟ್ಟು ಕೊಟ್ಟಿರಲೇ ಇಲ್ಲ.

"ಅಜ್ಜಾ, ಹುಟ್ಟು ಕೊಡ್ರಿ ನನಗ."

"ದಾಟಿಸಾಕ ಬರ್ತೈತೇನು?"

"ಕಣ್ಣು ಮುಚ್ಚಿ ದಾಟಿಸ್ತೀನಿ."

"ನಿಲ್ಲಿಸಾಕ?"

ಹುಲುಗಪ್ಪ ನಕ್ಕ. "ನಿಲ್ಲಿಸೋದು ನನಗ ಹೇಳ್ತೀರೇನ್ರಿ? ಬಸ್ಸಿನ ಬಾಗಿಲಾಗ ನಿಂತು 'ಹೋಲ್ಡಾನ್' ಅಂದ್ನೆಂದ್ರ, ತುಂಬಿದ ಬಸ್ಸು ಗಕ್ಕನೆ ನಿಲ್ತಿತ್ತು. ಇಂಗ್ಲಿಷ್ ಮಾತು ಅಜ್ಜಾ. ಅದರ ಖದರೇ ಬ್ಯಾರೆ."

"ಹಂಗಂದ್ರ ಏನು?"

"ನಿಲ್ಲು ಅಂತ."

ದಾಟಲು ಕಾದು ಕೂತಿದ್ದ ಶಾಲೆಯ ಮೇಷ್ಟ್ರು ಬಾಯಿ ಹಾಕಿದರು. "ಅಷ್ಟೇ ಅಲ್ಲಪಾ. ಗಟ್ಟಿ ಹಿಡ್ಕೊ ಅನ್ನಾಕೂ ಅದನ್ನೇ ಅಂತಾರ. ಫೋನಿನ್ಯಾಗ ಅಂದ್ರ, ತುಸು ತಡಿ ಅಂತ. ಕಷ್ಟದಾಗ ಇದ್ದವರಿಗೆ ಅಂದ್ರ, ಕೈ ಬಿಡಬ್ಯಾಡ, ತಾಳ್ಕೊ ಅಂತ."

"ಪಾಪ, ಒಂದು ಮಾತಿಗೆ ಎಷ್ಟು ಕೆಲಸ ಹಚ್ಯಾರ" ಎಂದರು ಅಜ್ಜ. ಆಮೇಲೆ ಶಿಷ್ಯನ ಕಡೆ ತಿರುಗಿದರು. "ಅರ್ಥ ಆತಲ್ಲ. ಇನ್ನ ಬಳಸಿ ತೋರ್ಸು. ನಡುಹೊಳಿಯಾಗ ಹರಿಗೋಲು ನಿಲ್ಲಿಸಿದ ದಿನ ಹುಟ್ಟು ನಿಂದು."

ಮೇಷ್ಟ್ರನ್ನು ಆಚೆ ಬಿಟ್ಟು ಬರುವಾಗ ಅಜ್ಜರು ಹುಟ್ಟು ಕೊಟ್ಟರು.

ಹುಲುಗಪ್ಪ ಗರಡಿಯ ತೋಳನ್ನೆಲ್ಲ ಹೊಳೆಗೆ ಹಾಕಿದ. ಹರಿಗೋಲು ಸೆಳವಿನ ಎದುರು ನುಗ್ಗಿತು. ಅವನು ಉಸಿರು ತಕ್ಕೊಳ್ಳುವಷ್ಟರಲ್ಲಿ ಹಿಂದೆ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಕೊನೆಗೆ ಬುಗುರಿಯ ಹಾಗೆ ಗರಗರ ತಿರುಗುತ್ತ ಪಕ್ಕದೂರಿನ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ಹತ್ತಿತು.

ಅಜ್ಜರು ಕಣ್ಣು ಬಿಟ್ಟರು. "ಎಲ್ಲಿ ಬಂದ್ವಿ?"

"ತುಸು ಕೆಳಗ ಬಂದ್ವಿ ಅಜ್ಜಾ. ಇವತ್ತು ಹೊಳಿ ಭಾಳ ಸೊಕ್ಕಿನಾಗ ಐತಿ."

ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಹುಲುಗಪ್ಪ ದಂಡೆಗುಂಟ ನಡೆದ. ಅಜ್ಜರು ಹಿಂದೆ ಬಂದರು.

"ನೀ ಅದನ್ನ ಹತ್ತಿದ್ದಿ" ಎಂದರು. "ಈಗ ಅದು ನಿನ್ನ ಹತ್ತೈತಿ."

ಮರುದಿನ ಹುಲುಗಪ್ಪ ಒಂದು ಹಗ್ಗ, ಒಂದು ಗುಂಡುಕಲ್ಲು ತಂದ.

"ಇಳಿಜಾರಿನಾಗ ಬಸ್ಸಿನ ಗಾಲಿಗೆ ಕಲ್ಲು ಕೊಟ್ಟವ ನಾನು. ಇವತ್ತು ನೋಡ್ರಿ."

ನಡುಹೊಳೆಯಲ್ಲಿ ಕಲ್ಲು ಇಳಿಬಿಟ್ಟ. ಹಗ್ಗ ಬಿಗಿಯಿತು. ಹರಿಗೋಲು ನಿಂತಿತು.

"ಹೆಂಗೈತಿ ಅಜ್ಜಾ?" ಎಂದು ಎದೆ ತಟ್ಟಿಕೊಂಡ.

ಹಗ್ಗ ಕಟ್ಟಿದ ಬದಿ ಮೆಲ್ಲಗೆ ಬಾಗಿತು. ಸೆಳವು ಆ ಬದಿಯನ್ನೇ ತುಳಿಯಿತು. ನೀರು ಅಂಚು ಹತ್ತಿ ಅಜ್ಜರ ಮಡಿಲಿಗೆ ಬಂತು. ಅವರು ಸೊಂಟದ ಚಾಕು ತೆಗೆದು ಹಗ್ಗ ಕೊಯ್ದರು. ಹರಿಗೋಲು ಪುಟಿದೆದ್ದು ತೇಲಿಕೊಂಡು ಹೋಯಿತು.

"ಯಾಕ ಕೊಯ್ದ್ರಿ? ನಿಂತಿತ್ತಲ್ಲ."

"ನಿಂತಿತ್ತು. ಇನ್ನೊಂಚೂರು ಬಿಟ್ಟಿದ್ರ ತಳಕ್ಕ ಹೋಗಿ ಕಾಯಂ ನಿಲ್ತಿತ್ತು."

ಅಮಾವಾಸ್ಯೆಯ ಹಿಂದಿನ ದಿನ ಹುಲುಗಪ್ಪ ತನ್ನ ಗಂಟು ಕಟ್ಟಿದ.

"ಅಕ್ಕನ್ನ ನೀವೇ ಕರಕೊಂಡು ಹೋಗ್ರಿ ಅಜ್ಜಾ. ನಾಳೆ ನಾ ಇರಂಗಿಲ್ಲ."

"ಎಲ್ಲಿಗೆ?"

"ಬಸ್ಸಿಗೆ. ಅಲ್ಲಿ ನನ್ನ ಮಾತು ಕೇಳ್ತಾರ."

"ಹೋಗು. ಆಚೆ ದಂಡಿಗೇ ಹೋಗಬೇಕಲ್ಲ, ಬಿಡ್ತೀನಿ, ಹತ್ತು."

ಅಜ್ಜರು ಹುಟ್ಟು ಹಿಡಿದರು. ಹೊಳೆ ನಡುವೆ ಮಾತಿಗೆ ತೊಡಗಿದರು. ಕೂಸು ಯಾರನ್ನು ಹೋಲುತ್ತದೆ, ಹೆಸರೇನು, ಅತ್ತರೆ ಯಾರ ಕೈಗೆ ಹೋಗುತ್ತದೆ. ಹುಲುಗಪ್ಪ ಮುನಿಸು ಮರೆತು ಹೇಳಿದ. ಕೂಸಿನ ಮೂಗು ತನ್ನದೇ ಅಂದ. ಹೇಳುತ್ತ ಹೇಳುತ್ತ ದಂಡೆಯ ಕಡೆ ನೋಡಿದ.

ದೂರದ ಗುಡ್ಡದ ಬಂಡೆ ದಂಡೆಯ ಈಚಲ ಮರದ ನೆತ್ತಿಯ ಮೇಲೆ ಕೂತಂತೆ ಕಾಣುತ್ತಿತ್ತು. ಮಾತು ಶುರುವಾದಾಗಲೂ ಅಲ್ಲೇ ಇತ್ತು. ಈಗಲೂ ಅಲ್ಲೇ ಇತ್ತು.

"ಅಜ್ಜಾ, ಹರಿಗೋಲು ನಿಂತೈತಿ."

"ಎಲ್ಲಿ ನಿಂತೈತಿ?"

ಆಗ ಅವನು ಅಜ್ಜರ ಕೈ ನೋಡಿದ. ಕೂಸನ್ನು ತಟ್ಟಿ ಮಲಗಿಸುವಷ್ಟೇ ಮೆತ್ತಗೆ ಹುಟ್ಟು ಆಡುತ್ತಿತ್ತು. ಒಮ್ಮೆಯೂ ಬಿಟ್ಟಿರಲಿಲ್ಲ.

"ಅದು ಸೆಳವಿಗೆ ಎಷ್ಟು ಹೋಗ್ತೈತೋ ಅಷ್ಟು ಹಿಂದಕ್ಕ ಕರಕೊಂಡು ಬರ್ತೀನಿ" ಎಂದರು ಅಜ್ಜ. "ಹೆಚ್ಚು ಕರದ್ರ ಮ್ಯಾಲೆ ಓಡ್ತೈತಿ."

"ಎಷ್ಟೊತ್ತು ಹಿಂಗ?"

"ಇಳಿಯೋತನಕ."

ಹುಲುಗಪ್ಪ ಕೈ ಚಾಚಿದ. ಅಜ್ಜರು ಹುಟ್ಟು ಕೊಟ್ಟರು. ಹೊತ್ತು ಮುಳುಗುವವರೆಗೆ ಅವನು ಹೆಚ್ಚು ಹಾಕಿದ, ಕಡಿಮೆ ಹಾಕಿದ, ಮತ್ತೆ ಹೆಚ್ಚು ಹಾಕಿದ. ಬಡಾಯಿಗೆ ಬಾಯಿ ಬಿಡುವಾಗಿರಲಿಲ್ಲ. ಗಂಟು ಹರಿಗೋಲಿನ ತಳದಲ್ಲಿ ನೆನೆಯುತ್ತ ಬಿದ್ದಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ದುರುಗವ್ವ ಬಂದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಮೊರ. ತಮ್ಮನ ಕೈಯಲ್ಲಿ ಹುಟ್ಟು ಕಂಡು ದಂಡೆಯಲ್ಲೇ ನಿಂತಳು.

"ಅಜ್ಜಾರ, ಇವನ ಕೈಯಾಗ ಯಾಕ ಕೊಟ್ರಿ? ನನ್ನ ಕೂಸು ಐತ್ರಿ."

"ನಾನೂ ಬರ್ತೀನಲ್ಲವ್ವಾ. ನನಗೂ ಈಸು ಬರಂಗಿಲ್ಲ."

ಅದು ಅವಳಿಗೆ ಧೈರ್ಯ ಕೊಡುವ ಮಾತಾಗಿರಲಿಲ್ಲ. ಆದರೂ ಹತ್ತಿದಳು.

ನಡುಹೊಳೆಗೆ ಬಂದರು. ಕೂಸನ್ನು ಅಜ್ಜರ ತೊಡೆಗೆ ಕೊಟ್ಟು ಅವಳು ದೀಪ ಹಚ್ಚಿದಳು. ಮೊರವನ್ನು ಎರಡೂ ಕೈಯಿಂದ ನೀರಿಗೆ ಇಳಿಸಿದಳು. ಜ್ಯೋತಿ ನೆಟ್ಟಗಿತ್ತು. ಮೊರ ಮೆಲ್ಲಗೆ ಕೆಳಗೆ ಸಾಗಿತು. ಹರಿಗೋಲು ಸಾಗಲಿಲ್ಲ.

ದುರುಗವ್ವ ದೂರವಾಗುತ್ತಿದ್ದ ದೀಪ ನೋಡಿದಳು. ದಂಡೆ ನೋಡಿದಳು. ತಮ್ಮನನ್ನು ನೋಡಿದಳು.

"ನಿಂತಿ ಬಿಡೋ ತಮ್ಮಾ" ಎಂದಳು ಮೆಲ್ಲಗೆ.

ಹುಲುಗಪ್ಪನ ಎದೆ ಹೊಳೆಯಷ್ಟಗಲ ಆಯಿತು.

"ಬರೇ ನಿಂತಿಲ್ಲಕ್ಕಾ. ಇಂಥಾ ಹೊಳಿನ್ನ ನಿಲ್ಲಿಸೀನಿ. ಹೌದಲ್ರಿ ಅಜ್ಜಾ?"

ಅಜ್ಜರು ಕೂಸಿನ ಬೆರಳನ್ನು ನೀರಿಗೆ ತಾಗಿಸಿ ಆಡಿಸುತ್ತಿದ್ದರು.

"ಹೊಳಿಗೆ ಇನ್ನಾ ಗೊತ್ತಾಗಿಲ್ಲಪಾ. ನೀ ಹುಟ್ಟು ಹಾಕ್ತಿರು."