ಗ್ಯಾಂಗ್ ಕಂಡೆನ್ಸರಿನ ಸಾಲ

"ಅಂಬುಜಮ್ಮನವರ ರೇಡಿಯೋ ಬಿಡಿಭಾಗದ ಅಂಗಡಿ ಎಲ್ಲಿ ಸ್ವಾಮಿ?"

"ಆಗಲೇ ಕೇಳಿದ್ರಲ್ಲಮ್ಮ," ಎಂದ ಬೀಡಾ ಅಂಗಡಿಯವ. "ಎಡಕ್ಕೆ ಅಂದ್ರೆ ಪೂರ್ತಿ ಕೇಳಿಸಿಕೊಳ್ಳದೆ ಬಲಕ್ಕೆ ಹೋದ್ರಿ. ಬೈಸಿಕೊಳ್ಳೋಕೆ ತಯಾರಾಗಿ ಹೋಗಿ."

"ಊರೂರಿನ ಭಾಷೆಯಲ್ಲಿ ಬೈಸಿಕೊಂಡವಳು ನಾನು," ಎಂದು ಮಂದಾಕಿನಿ ಎಡಕ್ಕೆ ತಿರುಗಿದಳು.

ಇಕ್ಕಟ್ಟಾದ ಅಂಗಡಿ. ಹವ್ಯಾಸಿ ರೇಡಿಯೋ ಕಲಿಯುವವರಿಗೆಲ್ಲ ಅಂಬುಜಮ್ಮನೇ ಗುರು.

"ನಾನು ಮಂದಾಕಿನಿ. ಹವ್ಯಾಸಿ ರೇಡಿಯೋ ಲೈಸೆನ್ಸ್ ಬಂತು ಅಂಬುಜಮ್ಮನೋರೇ. ಸದ್ಯದಲ್ಲೇ ಹಡಗು ಹತ್ತುತ್ತೇನೆ. ಎಲ್ಲಿದ್ದರೂ ನನ್ನ ದನಿ ಈ ಊರು ಮುಟ್ಟಬೇಕು. ದನಿ ಕಳಿಸೋ ಪೆಟ್ಟಿಗೆ ನಾನೇ ಕಟ್ಟುತ್ತೇನೆ, ಅದಕ್ಕೆ ಇರೋದರಲ್ಲೇ ಜೋರಾದ ಟ್ರಾನ್ಸಿಸ್ಟರ್ ಕೊಡಿ."

"ಮಾತಾಡೋದು ಸರಿ. ಕೇಳೋದು ಯಾವುದರಲ್ಲಿ?"

"ಅದು ಆಮೇಲೆ ನೋಡೋಣ."

ಅಂಬುಜಮ್ಮ ಡಬ್ಬಿಯೊಂದನ್ನು ತಡಕಾಡಿ ಹಳೇ ರೇಡಿಯೋದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್ ತೆಗೆದರು. ಸ್ಟೇಷನ್ ಹಿಡಿಯಲು ತಿರುಗಿಸುವಂಥದು. ಧೂಳು ಊದಿ, ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ತಗಡುಗಳು ಒಂದರೊಳಗೊಂದು ಸದ್ದಿಲ್ಲದೆ ಹೊಕ್ಕವು.

ಅದರ ಪಕ್ಕದಲ್ಲಿ ಒಂದು ಪುಟ್ಟ ಟ್ರಾನ್ಸಿಸ್ಟರ್ ಇಟ್ಟರು.

"ಇಷ್ಟೇನಾ? ಇದು ಈ ಓಣಿ ದಾಟುತ್ತಾ?"

"ಓಣಿಯಲ್ಲಿ ದಾರಿ ತಪ್ಪಿದವಳು ಕೇಳ್ತಿದ್ದಾಳೆ ನೋಡು! ನೀನು ಬಲಕ್ಕೆ ಹೋದದ್ದು ಇಲ್ಲಿಂದಲೇ ಕಂಡೆ."

"ಎಷ್ಟಾಯಿತು?"

"ಗ್ಯಾಂಗಿಗೆ ದುಡ್ಡು ಬೇಡ. ದೂರದಿಂದ ಒಂದು ಸಲ ರೇಡಿಯೋದಲ್ಲಿ ನನ್ನ ಜೊತೆ ಮಾತಾಡು. ಅದೇ ಸಾಲ."

ದೂರವೆಂದರೆ ಒಂದು ದ್ವೀಪ. ತೆಂಗಿನ ಮರಕ್ಕೆ ಏರಿಯಲ್ ತಂತಿ. ತಾನೇ ಬೆಸುಗೆ ಹಾಕಿದ ಪೆಟ್ಟಿಗೆ. ಮಂದಾಕಿನಿ ಕರೆದಳು, ಕೂಗಿದಳು, ಅರಚಿದಳು. ದೊಡ್ಡ ದೊಡ್ಡ ಸ್ಟೇಷನ್ನುಗಳು ಅವಳನ್ನು ತುಳಿದುಕೊಂಡು ಹೋದವು. ಸಂಜೆಗೆ ಹಡಗು ಹೊರಡುವುದಿತ್ತು. ಮುಂದಿನ ದಾರಿಯಲ್ಲಿ ತಂತಿ ಕಟ್ಟಲು ಜಾಗವಿರಲಿಲ್ಲ.

ಗಂಟಲು ಕಟ್ಟಿತು. ವಿಧಿಯಿಲ್ಲದೆ ಕೈ ಗ್ಯಾಂಗಿನ ಮೇಲೆ ಹೋಯಿತು.

ಕೂದಲೆಳೆಯಷ್ಟು ತಿರುಗಿಸಿದಳು. ಇನ್ನೊಂದು ಎಳೆ. ಗದ್ದಲದ ಸಂದಿಯಲ್ಲಿ ಸಣ್ಣದೊಂದು ಬೈಗುಳ ಕೇಳಿಸಿತು.

"ಮಧ್ಯೆ ನುಗ್ಗಬೇಡಪ್ಪ, ಅವರು ಮುಗಿಸಲಿ!"

ಅಂಬುಜಮ್ಮನ ದನಿ! ಮಂದಾಕಿನಿ ಉಸಿರು ಬಿಗಿಹಿಡಿದು ಕಾದಳು. ಎಲ್ಲರೂ ಸುಮ್ಮನಾದಾಗ ತನ್ನ ಹೆಸರಷ್ಟೇ ಹೇಳಿದಳು.

"ಯಾರು, ಮಂದಾಕಿನಿಯಾ? ಎಲ್ಲಿಂದ?"

"ಸಮುದ್ರದ ಆಚೆಯಿಂದ! ಅದೇ ಪುಟ್ಟ ಟ್ರಾನ್ಸಿಸ್ಟರು! ಓಣಿ ದಾಟಿತು ಅಂಬುಜಮ್ಮನೋರೇ, ಓಣಿ ದಾಟಿತು! ಸಾಲ ತೀರಿತು ತಾನೇ? ತೀರಿತು ಅನ್ನಿ!"

"ತೀರಿತು ಕಣೇ. ಈಗ ಸ್ವಲ್ಪ ಸುಮ್ಮನಿರು. ನಿನ್ನ ದನಿಯ ಅಡಿಯಲ್ಲಿ ಯಾರೋ ಸಣ್ಣಗೆ ನಿನ್ನನ್ನೇ ಕರೀತಿದ್ದಾರೆ."