ಕವುಚಿ ಇಟ್ಟ ಎರಡು ಎಲೆ

"ಸರ್, ತಯಾರಿ ಪೂರಾ ಆತು ಅಂತ ಹೆಂಗ ತಿಳೀಬೇಕ್ರಿ?"

ಕೇಳಿದವನು ವಿರೂಪಾಕ್ಷ. ಎದುರಿಗೆ ಕುಳಿತವರು ರಾಜೂರ ಮಾಸ್ತರರು. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಲೆ ಅವರು ಆಸಕ್ತಿಯಿದ್ದ ನಾಲ್ಕು ಜನಕ್ಕೆ ಇಸ್ಪೀಟು ಕಲಿಸುತ್ತಿದ್ದರು. ಊರವರು ನಗುತ್ತಿದ್ದರು. ನಗುವವರ ಜೊತೆ ಮಾಸ್ತರರೂ ನಗುತ್ತಿದ್ದರು, ಪಾಠ ಮಾತ್ರ ಬಿಡುತ್ತಿರಲಿಲ್ಲ.

ವಿರೂಪಾಕ್ಷ ಇನ್ನು ಎಂಟು ದಿನಕ್ಕೆ ಗೋವಾಕ್ಕೆ ಹೊರಡುವವನಿದ್ದ. ಮಳೆಗಾಲ ಮುಗಿದರೆ ಅಲ್ಲಿ ಪೋಕರ್ ಎಂಬ ಇಸ್ಪೀಟಾಟದ ಪಂದ್ಯಗಳ ಹಂಗಾಮು. ಒಂದೂವರೆ ತಿಂಗಳು, ಒಂದರ ಹಿಂದೊಂದು ಪಂದ್ಯ. ಅದಕ್ಕಾಗಿ ಅವನು ಕಾಲೇಜಿನ ಕೆಲಸಕ್ಕೆ ರಜೆ ಹಾಕಿದ್ದ. ಆರು ತಿಂಗಳು ಗೆಳೆಯರೊಂದಿಗೆ ಆಡಿದ ಪ್ರತಿ ಆಟವನ್ನೂ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಅವನ್ನೆಲ್ಲ ತಂದು ಮಾಸ್ತರರ ಮುಂದೆ ಪೇರಿಸಿದ. ಮಾಸ್ತರರು ಒಂದು ಪುಟ ತೆಗೆದು ನೋಡಿದರು. ಪ್ರತಿ ಸಾಲಿನ ಕೊನೆಗೂ 'ಸರಿ' ಅಥವಾ 'ತಪ್ಪು' ಎಂದು ಬರೆದಿತ್ತು.

"ಸರಿ ಯಾವುದು, ತಪ್ಪು ಯಾವುದು, ನಿನಗ ಹೆಂಗ ಗೊತ್ತಾತು?"

"ಆಟ ಮುಗಿದ ಮ್ಯಾಲೆ ಎಲ್ಲಾರ ಎಲೀನೂ ತಿರುವಿ ನೋಡ್ತೀವಲ್ರಿ."

ಮಾಸ್ತರರು ನೋಟುಬುಕ್ಕು ಮುಚ್ಚಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಬೆಲ್ಲ ಅವನಿಗೆ ಅನ್ನ ಕೊಡುತ್ತಿತ್ತು. ಆದರೆ ಅವನ ಜೀವವೆಲ್ಲ ಇಸ್ಪೀಟಿನಲ್ಲಿತ್ತು. ದೂರದ ಬಂದರಿನಲ್ಲಿ ಪ್ರತಿವರ್ಷ ಮಳೆ ನಿಂತ ಮೇಲೆ ದೊಡ್ಡ ಪಂದ್ಯ ನಡೆಯುತ್ತಿತ್ತು. ಬಂದವರಿಗೆಲ್ಲ ಪಣಕ್ಕಿಡುವ ಬಿಲ್ಲೆಗಳನ್ನು ಸಮನಾಗಿ ಹಂಚುತ್ತಿದ್ದರು. ಬಿಲ್ಲೆ ಪೂರ್ತಿ ಕಳೆದುಕೊಂಡವನು ಎದ್ದು ಹೋಗಬೇಕು. ಜನ ಕಡಿಮೆಯಾದಂತೆ ಮೇಜುಗಳೂ ಕಡಿಮೆಯಾಗಿ ಕಡೆಗೆ ಎಂಟು ಜನರ ಒಂದೇ ಮೇಜು ಉಳಿಯುತ್ತಿತ್ತು. ವ್ಯಾಪಾರಿ ಹನ್ನೆರಡು ವರ್ಷ ಹೋಗಿದ್ದ. ಹನ್ನೆರಡು ವರ್ಷವೂ ಆ ಕಡೆಯ ಮೇಜನ್ನು ದೂರದಿಂದ ನೋಡಿ ಬಂದಿದ್ದ.

ಹದಿಮೂರನೆಯ ವರ್ಷ ಹೆಂಡತಿಗೆ ಸಾಕಾಯಿತು. "ಈ ಸಲ ಹೋಗಿ ಬರ್ರಿ. ಕಡೀ ಮೇಜಿಗೆ ಕೂತು ಬಂದ್ರ ಇನ್ನ ಜನ್ಮದಾಗ ನಾ ಏನೂ ಅನ್ನಂಗಿಲ್ಲ. ಇಲ್ಲಾಂದ್ರ ಮತ್ತ ಎಲೆ ಮುಟ್ಟಬಾರದು," ಎಂದಳು. ಅವಳು ಕೆಟ್ಟವಳಲ್ಲ, ಹನ್ನೆರಡು ವರ್ಷ ಕಾದವಳು. ವ್ಯಾಪಾರಿ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಭಯವಾಯಿತು. ಇಸ್ಪೀಟಿಲ್ಲದ ಬದುಕನ್ನು ಅವನು ಒಂದು ದಿನವೂ ನೆನೆಸಿಕೊಂಡಿರಲಿಲ್ಲ.

ಆ ಮಳೆಗಾಲ ಅವನು ತಯಾರಾದ ಹಾಗೆ ಯಾರೂ ತಯಾರಾಗಿರಲಿಕ್ಕಿಲ್ಲ. ಅಂಗಡಿಯ ಗುಮಾಸ್ತ, ಹೆಂಡತಿಯ ತಮ್ಮ, ಪಕ್ಕದ ಮನೆಯ ಕಂಪೌಂಡರ್ ಮೂವರನ್ನೂ ದಿನಾ ಮಧ್ಯಾಹ್ನ ಕೂರಿಸಿಕೊಂಡು ಆಡಿದ. ಗಟ್ಟಿ ಬೆಂಚಿನ ಮೇಲೆ ಅಲುಗಾಡದೆ ನಾಲ್ಕು ತಾಸು ಕೂರುವುದನ್ನು ರೂಢಿಸಿಕೊಂಡ. ಕನ್ನಡಿಯ ಮುಂದೆ ಕುಳಿತು ಮುಖದಲ್ಲಿ ಏನೂ ಕಾಣದಂತೆ ಮಾಡುವುದನ್ನು ಕಲಿತ. ಎರಡು ತಿಂಗಳಿಗೆ ಅವನ ಮುಖ ಬೆಲ್ಲದ ಅಚ್ಚಿನಂತಾಯಿತು. ಊಟ ಚೆನ್ನಾಗಿದೆಯೋ ಇಲ್ಲವೋ ಎಂದು ಹೆಂಡತಿಗೂ ತಿಳಿಯದಾಯಿತು.

ಅವರ ಮನೆಯಲ್ಲಿ ಒಂದು ರೂಢಿ ಇತ್ತು. ಪೋಕರಿನಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ, ಅವು ಅವನಿಗೆ ಮಾತ್ರ ಗೊತ್ತು. ನಡುವೆ ಎಲ್ಲರಿಗೂ ಕಾಣುವ ಹಾಗೆ ಐದು ಎಲೆ. ಎದುರಿನವನು ಬಿಲ್ಲೆ ಏರಿಸಿದರೆ ನಾವೂ ಅಷ್ಟೇ ಹಾಕಬೇಕು, ಬೇಡವಾದರೆ ನಮ್ಮ ಎಲೆಗಳನ್ನು ಕವುಚಿ ಬಿಟ್ಟುಕೊಡಬೇಕು. ಕಡೆತನಕ ಉಳಿದವರು ಎಲೆ ತೋರಿಸಿದಾಗ, ತನ್ನ ಎರಡಕ್ಕೆ ನಡುವಿನ ಐದು ಸೇರಿಸಿ ದೊಡ್ಡ ಕೈ ಕಟ್ಟಿದವನು ಗೆಲ್ಲುತ್ತಾನೆ. ಎಲ್ಲರೂ ಬಿಟ್ಟುಕೊಟ್ಟರೆ ಉಳಿದವನು ತನ್ನ ಎಲೆ ತೋರಿಸದೆಯೇ ಬಿಲ್ಲೆಗಳ ರಾಶಿ ಎತ್ತಿಕೊಳ್ಳುತ್ತಾನೆ. ವ್ಯಾಪಾರಿಯ ಮನೆಯಲ್ಲಿ ಮಾತ್ರ ಆಟ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಎಲ್ಲರೂ ಎಲೆ ತಿರುವಿ ತೋರಿಸಬೇಕು. ಬಿಟ್ಟುಕೊಟ್ಟ ಎಲೆಗಳನ್ನೂ ಹುಡುಕಿ ತಿರುವುತ್ತಿದ್ದರು. ಕಟ್ಟಿನಿಂದ ಮುಂದೆ ಯಾವ ಎಲೆ ಬರುತ್ತಿತ್ತು ಎಂದೂ ತೆಗೆದು ನೋಡುತ್ತಿದ್ದರು.

ಇದರಿಂದ ವ್ಯಾಪಾರಿಗೆ ಲಾಭವೇ ಆಯಿತು, ಸುಳ್ಳು ಹೇಳಬಾರದು. ಗುಮಾಸ್ತ ಒಳ್ಳೆಯ ಎಲೆಯಿಲ್ಲದೆ ಬಿಲ್ಲೆ ಏರಿಸಿ ಹೆದರಿಸುವಾಗ ಕಿವಿ ಮುಟ್ಟಿಕೊಳ್ಳುತ್ತಾನೆ, ಭಾವಮೈದುನ ಒಳ್ಳೆಯ ಎಲೆ ಬಂದಾಗ ಕಣ್ಣು ಪಿಳಿಪಿಳಿ ಮಾಡುತ್ತಾನೆ, ಎಲ್ಲ ಗೊತ್ತಾಯಿತು. ಮಳೆಗಾಲದ ಕೊನೆಗೆ ಹತ್ತರಲ್ಲಿ ಒಂಬತ್ತು ಸಲ ಅವನ ಊಹೆ ನಿಜವಾಗುತ್ತಿತ್ತು. ತಿರುವಿ ನೋಡಿ "ನಾ ಅಂದಿದ್ದಿಲ್ಲ?" ಎನ್ನುವಾಗ ಅವನ ಎದೆ ತಣ್ಣಗಾಗುತ್ತಿತ್ತು.

ಒಂದು ದಿನ ಬಂದರಿನ ಪಂದ್ಯಗಳಲ್ಲಿ ಪಳಗಿದ ಹಳೆಯ ಆಟಗಾರನೊಬ್ಬ ಬೆಲ್ಲ ಕೊಳ್ಳಲು ಬಂದವನು ಇವರ ಆಟ ನೋಡುತ್ತ ನಿಂತ.

"ಛಲೋ ಆಡ್ತೀರಿ. ಆದ್ರ ಇನ್ನೊಂದು ತಿಂಗಳಾದ್ರೂ ಎಲೆ ತಿರುವಬ್ಯಾಡ್ರಿ," ಎಂದ.

"ತಿರುವಲಿಲ್ಲಾಂದ್ರ ನಾ ಮಾಡಿದ್ದು ಸರಿಯೋ ತಪ್ಪೋ ಹೆಂಗ ಗೊತ್ತಾಗಬೇಕ್ರಿ?" ಎಂದು ವ್ಯಾಪಾರಿ ನಕ್ಕ.

ಹಳೆಯ ಆಟಗಾರ ಬೆಲ್ಲ ಕಟ್ಟಿಸಿಕೊಂಡು, ಛತ್ರಿ ಬಿಚ್ಚಿ ಹೊರಟುಹೋದ. ಅವನು ಓಣಿ ದಾಟುವ ಮೊದಲೇ ಇವರು ಮುಂದಿನ ಆಟದ ಎಲೆಗಳನ್ನು ತಿರುವುತ್ತಿದ್ದರು.

ಮಳೆ ನಿಂತಿತು. ವ್ಯಾಪಾರಿ ಬಂದರಿಗೆ ಹೋದ. ಮೊದಲ ದಿನ ಅವನನ್ನು ಹಿಡಿಯುವವರಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎರಡೇ ಮೇಜು ಉಳಿದವು, ಹದಿನಾರು ಜನ. ಅವನ ಮುಂದೆ ಸಾಕಷ್ಟು ಬಿಲ್ಲೆಗಳಿದ್ದವು. ಎದುರಿಗೆ ಒಬ್ಬ ದರ್ಜಿ ಕುಳಿತಿದ್ದ.

ಆಗ ವ್ಯಾಪಾರಿಗೆ ಎರಡು ರಾಜ ಬಂದವು. ಬಲು ಒಳ್ಳೆಯ ಕೈ. ಆದರೆ ನಡುವಿನ ಎಲೆಗಳಲ್ಲಿ ಒಂದು ಎಕ್ಕ ಬಿತ್ತು. ದರ್ಜಿ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ನೂಕಿದ. ದರ್ಜಿಯ ಕೈಯಲ್ಲಿ ಇನ್ನೊಂದು ಎಕ್ಕ ಇದ್ದರೆ ಎಕ್ಕದ ಜೋಡಿಯಾಗಿ ರಾಜರಿಬ್ಬರೂ ಸೋತಂತೆ. ವ್ಯಾಪಾರಿ ಬಹಳ ಹೊತ್ತು ಯೋಚಿಸಿ ಎಲೆ ಬಿಟ್ಟುಕೊಟ್ಟ. ಆ ಲೆಕ್ಕದಲ್ಲಿ ತಪ್ಪಿಲ್ಲ. ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ದರ್ಜಿ ತನ್ನ ಎರಡು ಎಲೆಗಳನ್ನು ಕವುಚಿಯೇ ಸರಿಸಿದ. ಎಲೆ ಹಂಚುವವನು ಅವನ್ನು ಕಟ್ಟಿಗೆ ಸೇರಿಸಲು ಕೈ ಚಾಚಿದ. ಅಷ್ಟರಲ್ಲಿ ವ್ಯಾಪಾರಿಯ ಕೈ ತಾನಾಗಿಯೇ ಮುಂದೆ ಹೋಗಿ ಆ ಎಲೆಗಳ ಮೇಲೆ ಕುಳಿತಿತು. ನಾಲ್ಕು ತಿಂಗಳ ರೂಢಿ. ಮೇಜಿನವರೆಲ್ಲ ಅವನನ್ನೇ ನೋಡಿದರು. ಅವನು ನಾಚಿ ಕೈ ಹಿಂದಕ್ಕೆ ತೆಗೆದುಕೊಂಡ. ಎಲೆಗಳು ಕಟ್ಟಿನಲ್ಲಿ ಸೇರಿಹೋದವು.

"ಎಕ್ಕಾ ಇತ್ತೇನ್ರಿ ನಿಮ್ಮ ಕೈಯಾಗ?" ಎಂದು ವ್ಯಾಪಾರಿ ಕೇಳಿದ.

"ಊಟ ಆತೇನ್ರಿ ನಿಮ್ದು?" ಎಂದ ದರ್ಜಿ, ಮರ್ಯಾದೆಯಿಂದಲೇ.

ಅಷ್ಟೇ. ದರ್ಜಿ ಮುಂದಿನ ಆಟಕ್ಕೆ ಹೋದ. ವ್ಯಾಪಾರಿ ಹೋಗಲಿಲ್ಲ. ಅವನ ಮೈ ಮೇಜಿನ ಮುಂದಿತ್ತು, ಮನಸ್ಸು ಆ ಎರಡು ಎಲೆಗಳ ಹತ್ತಿರವೇ ಕುಳಿತಿತ್ತು. ಎಕ್ಕ ಇದ್ದಿದ್ದರೆ ತಾನು ಜಾಣ. ಇಲ್ಲದಿದ್ದರೆ ಮೋಸಹೋದ ಪೆದ್ದ. ಎರಡರಲ್ಲಿ ತಾನು ಯಾರು ಎಂದು ಹೇಳುವವರು ಯಾರೂ ಇರಲಿಲ್ಲ. ಮನೆಯಲ್ಲಿ ಒಂದು ಸಲವೂ ಅವನು ಹೀಗೆ ಉಳಿದಿರಲಿಲ್ಲ. ಪಕ್ಕದವನು ಒಳ್ಳೆಯ ಎಲೆ ಬಂದಾಗಲೆಲ್ಲ ಭಾವಮೈದುನನ ಹಾಗೆಯೇ ಕಣ್ಣು ಪಿಳಿಪಿಳಿ ಮಾಡುತ್ತಿದ್ದ. ವ್ಯಾಪಾರಿ ಅದನ್ನು ನೋಡಲಿಲ್ಲ.

ಒಬ್ಬೊಬ್ಬರಾಗಿ ಆರು ಜನ ಎದ್ದುಹೋದರು. ಹತ್ತು ಜನ ಉಳಿದರು. ಇನ್ನಿಬ್ಬರು ಎದ್ದರೆ ಕಡೆಯ ಮೇಜು. ಬಿಲ್ಲೆ ಕಾಯ್ದುಕೊಂಡು ಸುಮ್ಮನೆ ಕುಳಿತಿದ್ದರೂ ಸಾಕಿತ್ತು. ಹದಿಮೂರು ವರ್ಷದ ಆಸೆ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಜೊತೆಗೆ ಹೆಂಡತಿಗೆ ಕೊಟ್ಟ ಮಾತೂ.

ನಡುವೆ ಎಲೆ ಬೀಳುವ ಮೊದಲೇ ದರ್ಜಿ ಮತ್ತೆ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ನೂಕಿದ.

ಈ ಸಲ ವ್ಯಾಪಾರಿಯ ಕೈಯಲ್ಲಿದ್ದದ್ದು ಒಂದು ಮೂರು, ಒಂದು ಎಂಟು. ಯಾರೂ ಇಟ್ಟುಕೊಳ್ಳದ ಕೈ. ಬಿಡಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಬಿಟ್ಟರೆ ದರ್ಜಿ ಮತ್ತೆ ಎಲೆ ಕವುಚಿ ಸರಿಸುತ್ತಾನೆ, ಮತ್ತೆ ಎರಡು ಎಲೆ ಕಾಣದೆ ಹೋಗುತ್ತವೆ. ಇನ್ನೊಮ್ಮೆ ಅದನ್ನು ತಾಳಿಕೊಳ್ಳುವುದು ಅವನಿಂದ ಆಗಲಿಲ್ಲ. ತನ್ನ ಬಿಲ್ಲೆಗಳನ್ನೆಲ್ಲ ನೂಕಿಬಿಟ್ಟ.

ದರ್ಜಿ ಎಲೆ ತಿರುವಿದ. ಎರಡು ರಾಣಿ. ನಡುವಿನ ಐದು ಎಲೆಗಳೂ ಬಿದ್ದವು, ವ್ಯಾಪಾರಿಗೆ ಒಂದೂ ನೆರವಾಗಲಿಲ್ಲ.

ಅವನು ಎದ್ದು ನಿಂತ. ಆ ಕ್ಷಣ ಅವನಿಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಕಡೆಗೂ ಕಂಡಿತಲ್ಲ ಎಂಬ ಸಮಾಧಾನ. ದುಃಖ ಬಂದದ್ದು ಆಮೇಲೆ, ಮೆಟ್ಟಿಲು ಇಳಿಯುವಾಗ. ಅಲ್ಲೇ ಕುಳಿತು ಅತ್ತ. ಬೆಲ್ಲದ ಅಚ್ಚಿನಂಥ ಮುಖದವನು ಹೋಗಿ ಬರುವವರೆಲ್ಲರ ಎದುರು ಅತ್ತ.

ಊರಿಗೆ ಬಂದು ಮಾತು ಉಳಿಸಿಕೊಂಡ. ಎಲೆಯ ಕಟ್ಟನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಇಸಿದುಕೊಂಡಳು, ಆದರೆ ಅವಳಿಗೂ ಖುಷಿಯಾಗಲಿಲ್ಲ. ಅವನು ಮತ್ತೆಂದೂ ಆಡಲಿಲ್ಲ. ಬಂದರಿನ ಕಡೆಯ ಗಿರಾಕಿ ಯಾರಾದರೂ ಅಂಗಡಿಗೆ ಬಂದರೆ ಮಾತ್ರ, ಬೆಲ್ಲ ತೂಗುವುದನ್ನು ಬಿಟ್ಟು, ಅಲ್ಲಿ ಇಂಥಾ ಒಬ್ಬ ದರ್ಜಿ ಇದ್ದಾನಲ್ಲ, ಅವನ ಪರಿಚಯ ಇದೆಯೇ ಎಂದು ವಿಚಾರಿಸುತ್ತಿದ್ದ.

ಮಾಸ್ತರರು ಕತೆ ನಿಲ್ಲಿಸಿ ಎದುರಿನ ತಂಬಿಗೆಯಿಂದ ನೀರು ಕುಡಿದರು. ವಿರೂಪಾಕ್ಷ ತಲೆ ತಗ್ಗಿಸಿ ಕುಳಿತಿದ್ದ. ಮತ್ತೆ ತಲೆ ಎತ್ತಿದ.

"ಅಲ್ರಿ ಸರ್, ಆ ಮದಲನೇ ಸಲ... ದರ್ಜಿ ಕೈಯಾಗ ಎಕ್ಕಾ ಇತ್ತೋ, ಇಲ್ಲೋ?"

ಮಾಸ್ತರರು ತಂಬಿಗೆ ಕೆಳಗಿಟ್ಟರು.

"ಈ ಪ್ರಶ್ನೆ ನಿನ್ನ ಬಾಯಿಗೆ ಬರದ ದಿನ ಗೋವಾದ ಗಾಡಿ ಹತ್ತು, ತಮ್ಮಾ."